ಜೋಗುಪಾಳ್ಯದಿಂದ ಹೊರಟ ಸದ್ದು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವನು ನಾನು. ಜಂಬಕ್ಕೆ ಹೇಳುತ್ತಿಲ್ಲ, ನಮ್ಮ ಕಸುಬೇ ಅಂಥದ್ದು. ಡೀಸೆಲ್ ಇಂಜಿನ್ ರಿಪೇರಿ ಮಾಡುವವನಿಗೆ ಕಾರಣವಿಲ್ಲದ ಸದ್ದು ಎಂಬುದು ಇಲ್ಲ. ಟಕಟಕ ಅಂದರೆ ಒಂದು ಕಾರಣ, ಗೊರಗೊರ ಅಂದರೆ ಇನ್ನೊಂದು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ. ಇಪ್ಪತ್ತಾರು ವರ್ಷ ಈ ಒಂದು ನಂಬಿಕೆಯಿಂದಲೇ ಅನ್ನ ತಿಂದಿದ್ದೇನೆ. ಈಗ ಬರೆಯಲು ಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬಲೇಬೇಕು ಎಂದು ಕೇಳುವುದೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನನ್ನ ಶೆಡ್ಡು ಜೋಗುಪಾಳ್ಯದ ಒಂದು ಅಡ್ಡರಸ್ತೆಯ ಕೊನೆಯಲ್ಲಿದೆ. ಎರಡು ಗಾಡಿ ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಪಕ್ಕದಲ್ಲಿ ದಸ್ತಗೀರ್ ಸಾಬರ ಪಂಕ್ಚರ್ ಅಂಗಡಿ. ನನ್ನ ಶೆಡ್ಡಿಗೆ ಬರುವ ಗಾಡಿ, ಇಲ್ಲಿಂದ ಹೋಗುವ ಗಾಡಿ, ಎಲ್ಲ ಅವರ ಅಂಗಡಿ ಮುಂದೆಯೇ ಹಾಯಬೇಕು. ಬೇರೆ ದಾರಿ ಇಲ್ಲ.

ಏಳು ವರ್ಷದ ಹಿಂದಿನ ಮಾತು. ಒಂದು ಸೋಮವಾರ ಬೆಳಗ್ಗೆ ಹೊರಮಾವಿನಿಂದ ಭಾಗ್ಯಮ್ಮ ಎಂಬ ಹೆಣ್ಣುಮಗಳು ತಮ್ಮ ಹಳೆಯ ಪಿಕಪ್ಪನ್ನು ತಾವೇ ಓಡಿಸಿಕೊಂಡು ಬಂದರು. ಅವರದು ಶಾಮಿಯಾನ ಕೆಲಸ. ಮದುವೆ, ನಾಮಕರಣ, ತಿಥಿ, ಯಾವುದಿದ್ದರೂ ಕುರ್ಚಿ, ಪಾತ್ರೆ, ಪೆಂಡಾಲಿನ ಸಾಮಾನು ಒದಗಿಸುವವರು. ಅದನ್ನು ಶುರು ಮಾಡಿದ್ದು ಅವರ ತಂದೆ ಮುನಿಸ್ವಾಮಪ್ಪ. ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗ ಕೆರೆ ಕೆಳಗಿನ ಗದ್ದೆಯಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಗದ್ದೆ ಮನೆಗಳಾದ ಮೇಲೆ ಈ ಪಿಕಪ್ ತೆಗೆದುಕೊಂಡರು. ಹದಿನಾರು ವರ್ಷ ಅದರ ಸ್ಟೀರಿಂಗನ್ನು ಮಗಳಿಗೆ ಬಿಟ್ಟು ಇನ್ನೊಬ್ಬರಿಗೆ ಕೊಟ್ಟವರಲ್ಲ. ನಾನು ಅವರನ್ನು ಒಮ್ಮೆಯೂ ನೋಡಿರಲಿಲ್ಲ. ಗಾಡಿಯನ್ನು ಮೊದಲು ಬೇರೆ ಕಡೆ ತೋರಿಸುತ್ತಿದ್ದರಂತೆ, ಆ ಮೆಕ್ಯಾನಿಕ್ ಊರು ಬಿಟ್ಟಿದ್ದರಿಂದ ಯಾರೋ ನನ್ನ ಹೆಸರು ಹೇಳಿದ್ದರು.

ಗಾಡಿ ಶೆಡ್ಡಿನೊಳಗೆ ಬಂದಾಗಲೇ ಕಾಯಿಲೆ ಕಿವಿಗೆ ಬಿತ್ತು. ನಾಲ್ಕು ಏಟಿನಲ್ಲಿ ಒಂದು ಏಟು ಕುಂಟುತ್ತಿತ್ತು, ನಡುನಡುವೆ ಸುತ್ತಿಗೆ ಬಡಿದ ಹಾಗೆ ಒಂದು ಬಡಿತ, ಹಿಂದೆ ಕರಿ ಹೊಗೆ. ಸ್ಟಾರ್ಟ್ ಆಗುವುದಕ್ಕೂ ಮೂರು ಸಲ ಸೆಲ್ಫ್ ಹೊಡೆಯಬೇಕು. ಮೂರನೆಯ ಸಲ ನರಳಿಕೊಂಡು ಹಿಡಿಯುತ್ತಿತ್ತು. ಇಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳದೇ ತೊಂದರೆ ಎಂದು ನೋಡಿದ ತಕ್ಷಣ ಹೇಳಬಹುದಿತ್ತು, ನಾಲ್ಕರಲ್ಲಿ ಯಾವುದು ಎಂಬುದನ್ನು ಮಾತ್ರ ಹುಡುಕಬೇಕಿತ್ತು.

ಭಾಗ್ಯಮ್ಮ ಬೀಗದ ಕೈ ಕೊಡುತ್ತಾ ಸ್ವಲ್ಪ ಹೊತ್ತು ನಿಂತರು.

"ಅಣ್ಣ, ಬುಧವಾರ ಮಧ್ಯಾಹ್ನದೊಳಗೆ ಆಗ್ಬೇಕು. ಅಪ್ಪ ಬಿದ್ದು ಸೊಂಟ ಮುರ್ಕೊಂಡು ಐದು ತಿಂಗಳಾಯ್ತು, ಮಂಚ ಬಿಟ್ಟು ಎದ್ದಿಲ್ಲ. ದಿನಾ ಒಂದೇ ಮಾತು, ಗಾಡಿಯಲ್ಲಿ ಮುಂದೆ ಕೂರಿಸ್ಕೊಂಡು ಕೆರೆ ಏರಿ ತನಕ ಒಂದ್ಸಲ ಕರ್ಕೊಂಡ್ಹೋಗು ಅಂತ. ಡಾಕ್ಟ್ರು ಇನ್ನು ಜಾಸ್ತಿ ದಿನ ಇಲ್ಲ ಅಂದವ್ರೆ. ಬುಧವಾರ ಸಾಯಂಕಾಲ ಕರ್ಕೊಂಡ್ಹೋಗ್ತೀನಿ ಅಂತ ಹೇಳ್ಬಿಟ್ಟಿದ್ದೀನಿ."

"ಹನ್ನೆರಡು ಗಂಟೆಗೆ ಬನ್ನಿ, ರೆಡಿ ಇರುತ್ತೆ" ಎಂದೆ. ಅಷ್ಟು ಸಲೀಸಾಗಿ ಹೇಳಿದ್ದೆ.

ಸೋಮವಾರವೇ ಪರೀಕ್ಷೆ ಮಾಡಿದೆ. ಇಂಜೆಕ್ಟರಿಗೆ ಹೋದ ಡೀಸೆಲೆಲ್ಲ ಇಂಜಿನ್ನಿನಲ್ಲಿ ಉರಿಯುವುದಿಲ್ಲ, ಸ್ವಲ್ಪ ಭಾಗ ಒಂದು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ಸು ಬರುತ್ತದೆ. ಆ ನಾಲ್ಕು ಪೈಪುಗಳನ್ನು ಬಿಚ್ಚಿ ನಾಲ್ಕು ಸಣ್ಣ ಬಾಟಲಿಗೆ ಹಾಕಿ, ಇಂಜಿನ್ನನ್ನು ಐದು ನಿಮಿಷ ಓಡಿಸಿ ನೋಡಿದರೆ, ಸವೆದುಹೋದ ಇಂಜೆಕ್ಟರಿನ ಬಾಟಲಿ ಬೇಗ ತುಂಬುತ್ತದೆ. ಎರಡನೆಯದೂ ನಾಲ್ಕನೆಯದೂ ಬೇಗ ತುಂಬಿದವು. ಒಂದನೆಯದು, ಮೂರನೆಯದು ಸರಿಯಾಗಿದ್ದವು. ಎರಡು ಹೊಸದು ಹಾಕುವುದು, ಉಳಿದೆರಡನ್ನು ತೆಗೆದು ಇಂಜೆಕ್ಟರ್ ಪರೀಕ್ಷಿಸುವ ಲ್ಯಾಬಿಗೆ ಕೊಟ್ಟು ತೊಳೆಸುವುದು ಎಂದು ಲೆಕ್ಕ ಹಾಕಿದೆ.

ಮಂಗಳವಾರ ಹೊಸ ಸಾಮಾನು ತರಲು ಶಿವಾಜಿನಗರ ಸುತ್ತುವುದರಲ್ಲಿ ಮುಗಿಯಿತು. ಬುಧವಾರ ಬೆಳಗ್ಗೆ ಬ್ಯಾಟರಿ ಇಳಿಸಿ, ಪೈಪುಗಳನ್ನೆಲ್ಲ ಬಿಚ್ಚಿದೆ. ಒಂದು, ಎರಡು, ನಾಲ್ಕು ಹೊರಗೆ ಬಂದವು. ಮೂರನೆಯದು ಬರಲಿಲ್ಲ. ಹದಿನಾರು ವರ್ಷದ ಮಸಿ ಸುತ್ತಲೂ ಕಲ್ಲಿನ ಹಾಗೆ ಕೂತಿತ್ತು. ಎಣ್ಣೆ ಬಿಟ್ಟು ಕಾದೆ, ಎಳೆದೆ, ಅಲ್ಲಾಡಿಸಿದೆ, ಮತ್ತೆ ಎಣ್ಣೆ ಬಿಟ್ಟೆ. ಜಾಸ್ತಿ ಬಲ ಹಾಕಿದರೆ ಒಳಗೇ ಮುರಿಯುತ್ತದೆ. ಮುರಿದರೆ ಇಂಜಿನ್ ಹೆಡ್ಡನ್ನೇ ಇಳಿಸಬೇಕು, ಇನ್ನೊಂದು ವಾರದ ಕೆಲಸ. ಹನ್ನೆರಡಾಯಿತು, ಒಂದಾಯಿತು. ಸಂಜೆಯೊಳಗೆ ತಂದುಕೊಡುತ್ತೇನೆ ಎಂದು ಭಾಗ್ಯಮ್ಮನಿಗೆ ಫೋನು ಮಾಡಿದೆ. ಆಯ್ತಣ್ಣ ಎಂದರು, ದನಿ ಸಣ್ಣಗಾಗಿತ್ತು.

ಊಟ ಮಾಡಿ ಬಂದು ಒಂದು ತೀರ್ಮಾನಕ್ಕೆ ಬಂದೆ. ಹೇಗೂ ಮೂರನೆಯದು ಪರೀಕ್ಷೆಯಲ್ಲಿ ಪಾಸಾಗಿದೆ. ಅದನ್ನು ಅಲ್ಲೇ ಬಿಟ್ಟು ಉಳಿದ ಮೂರನ್ನು ಕೂರಿಸಿದರೆ ಐದು ಗಂಟೆಗೆ ಗಾಡಿ ಓಡುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಲು ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಮೂರು ಗಂಟೆ ದಾಟಿತ್ತು. ಗಾಡಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಕ್ಲಾಂಪುಗಳನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜುತ್ತಿದ್ದೆ. ಹಿಂದೆ ಸೆಲ್ಫ್ ಹೊಡೆದ ಸದ್ದಾಯಿತು. ನಿಂತಿತು. ಮತ್ತೆ ಹೊಡೆಯಿತು. ಮೂರನೆಯ ಸಲ ನರಳಿಕೊಂಡು ಇಂಜಿನ್ ಹಿಡಿಯಿತು.

ನಿಜ ಹೇಳುತ್ತೇನೆ, ಮೊದಲು ನನಗೆ ಏನೂ ಅನ್ನಿಸಲಿಲ್ಲ. ದಿನವಿಡೀ ಅದೇ ಸದ್ದಿನಲ್ಲಿ ಇರುವ ಕಿವಿ. ಸದ್ಯ, ಸ್ಟಾರ್ಟ್ ಆಯಿತಲ್ಲ ಎಂದುಕೊಂಡೆ. ಆಮೇಲೆ ನನ್ನ ಕಣ್ಣು ಮುಂದಿದ್ದ ತಟ್ಟೆಯ ಮೇಲೆ ಬಿತ್ತು. ಆ ಗಾಡಿಯ ಮೂರು ಇಂಜೆಕ್ಟರುಗಳು ಅದರಲ್ಲಿ ಸಾಲಾಗಿ ಮಲಗಿದ್ದವು.

ತಿರುಗಿ ನೋಡಿದೆ. ಬಾನೆಟ್ ತೆರೆದಿತ್ತು. ಧೂಳು ಬೀಳದಿರಲಿ ಎಂದು ತೂತುಗಳಿಗೆ ತುರುಕಿದ್ದ ಬಟ್ಟೆ ಹಾಗೇ ಇತ್ತು. ಬ್ಯಾಟರಿ ನೆಲದ ಮೇಲಿತ್ತು. ಫ್ಯಾನ್ ತಿರುಗುತ್ತಿರಲಿಲ್ಲ. ಸದ್ದು ಮಾತ್ರ ನಿಂತಿರಲಿಲ್ಲ. ಅದೇ ಕುಂಟು ಏಟು, ನಡುವೆ ಅದೇ ಬಡಿತ. ಎದ್ದು ಹೋಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಒಂದು ಚೂರೂ ನಡುಕವಿಲ್ಲ. ಕೈಕೆಳಗೆ ಸತ್ತ ಕಬ್ಬಿಣ, ಸುತ್ತಲೂ ಓಡುತ್ತಿರುವ ಇಂಜಿನ್. ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ, ಅರ್ಧ ನಿಮಿಷ ಇರಬಹುದು. ಆಮೇಲೆ ಗೇರು ಬಿದ್ದ ಸದ್ದಾಯಿತು. ಸದ್ದು ನನ್ನ ಪಕ್ಕದಿಂದ ಹಿಂದಕ್ಕೆ ಸರಿಯಿತು, ಶೆಡ್ಡಿನ ಬಾಗಿಲು ದಾಟಿತು, ಅಡ್ಡರಸ್ತೆಯಲ್ಲಿ ದೂರವಾಗುತ್ತಾ ಹೋಯಿತು. ತಿರುವಿನಲ್ಲಿ ಎರಡು ಸಲ ಹಾರನ್ ಹೊಡೆದದ್ದೂ ಕೇಳಿಸಿತು. ಗಾಡಿ ನನ್ನ ಕೈಯ ಕೆಳಗೇ ನಿಂತಿತ್ತು.

ಆ ಇಂಜಿನ್ ಓಡಿದರೆ ಶೆಡ್ಡಿನ ತುಂಬಾ ಹೊಗೆ ತುಂಬುತ್ತದೆ. ಮೂಸಿ ನೋಡಿದೆ. ಹೊಗೆಯ ವಾಸನೆಯೇ ಇರಲಿಲ್ಲ.

ನನಗೆ ಬಿಸಿಲಿಗೆ ತಲೆ ಸುತ್ತಿದೆ ಎಂದುಕೊಳ್ಳುವುದರೊಳಗೆ ಪಕ್ಕದಿಂದ ದಸ್ತಗೀರ್ ಸಾಬರ ದನಿ ಬಂತು. ಅವರು ಅಂಗಡಿಯ ಒಳಗೆ ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದರು, ತಲೆಯೆತ್ತಿ ರಸ್ತೆ ನೋಡಿರಲಿಲ್ಲ.

"ಕ್ಯಾ ಭಾಯ್, ಕೆಲ್ಸ ಮುಗ್ದೋಯ್ತಾ? ಹೊರಮಾವಿನ ಅಮ್ಮ ಯಾವಾಗ್ ಬಂದು ಗಾಡಿ ತಗೊಂಡ್ ಹೋದ್ರು, ನೋಡ್ಲೇ ಇಲ್ಲ ನಾನು."

ಅವರೇ ಕೈ ಒರೆಸಿಕೊಂಡು ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತು ಗಾಡಿ ನೋಡಿದರು, ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಬೇರೆ ಗಾಡಿ ಇರ್ಬೇಕು ಬಿಡಿ" ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ನಾನೂ ಅದನ್ನೇ ಹಿಡಿದುಕೊಂಡೆ. ಬೇರೆ ಗಾಡಿ ಇರಬೇಕು. ಗೋಡೆಯ ಗಡಿಯಾರದಲ್ಲಿ ಮೂರೂ ಕಾಲು.

ಮತ್ತೆ ಕೆಲಸಕ್ಕೆ ಕೂತೆ, ಕೈ ಹತ್ತಲಿಲ್ಲ. ಒಂದು ಟೀ ಕುಡಿದು ಬಂದೆ. ಒಂದನೆಯ ಇಂಜೆಕ್ಟರನ್ನು ವಾಪಸ್ಸು ಕೂರಿಸಲು ಹೊಸ ತಾಮ್ರದ ವಾಷರ್ ತೆಗೆಯುತ್ತಿದ್ದಾಗ ಫೋನು ಬಂತು. ನಾಲ್ಕು ಗಂಟೆ ಹತ್ತು ನಿಮಿಷ ಆಗಿತ್ತು. ಭಾಗ್ಯಮ್ಮ.

"ಅಣ್ಣ, ಟ್ರಯಲ್‌ಗೆ ಅಂತ ಗಾಡಿ ಈ ಕಡೆ ತಂದಿದ್ರಾ?" ಎಂದರು. ಏದುಸಿರು ಬಿಡುತ್ತಿದ್ದರು. "ನಾನು ಹಿತ್ಲಲ್ಲಿ ಪಾತ್ರೆ ಎಣಿಸ್ತಿದ್ದೆ. ಗಾಡಿ ಬಂದು ಗೇಟ್ ಮುಂದೆ ನಿಂತಿದ್ದು ಕೇಳಿಸ್ತು. ಕೈ ತೊಳ್ಕೊಂಡು ಬರೋದ್ರೊಳಗೆ ಹೊರಟೋಗಿತ್ತು. ಬಂದು ನೋಡಿದ್ರೆ ಅಪ್ಪ ಗೇಟ್ ಹತ್ರ ನಿಂತವ್ರೆ ಅಣ್ಣ. ಐದು ತಿಂಗ್ಳಿಂದ ಪಕ್ಕಕ್ಕೆ ಹೊರಳೋಕೆ ನಾನು ಬೇಕಿತ್ತು. ಒಬ್ರೇ ಎದ್ದು, ಪಡಸಾಲೆ ದಾಟಿ, ಮೆಟ್ಟಿಲು ಇಳಿದು, ಗೇಟ್ ಕಂಬಿ ಹಿಡ್ಕೊಂಡು ನಿಂತವ್ರೆ."

"ಈಗ ಹೇಗಿದಾರೆ?" ಎಂದು ಕೇಳಿದೆ.

"ಮೆಟ್ಲ ಮೇಲೆ ಕೂರ್ಸಿದ್ದೀನಿ. ಟೀ ಕುಡೀತಾವ್ರೆ. ನಿಮಗೊಂದು ಮಾತು ಹೇಳ್ಬೇಕಂತೆ. ಮೂರನೇದು ಬಿಡ್ಬೇಡ ಅಂತ ಹೇಳು ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ನಿಮಗೆ ಗೊತ್ತಾಗುತ್ತೆ ಅಂದ್ರು."

ಫೋನು ಕಿವಿಗೆ ಹಿಡಿದುಕೊಂಡೇ ಇಂಜಿನ್ ಕಡೆ ನೋಡಿದೆ. ಮೂರನೆಯದು ಎಣ್ಣೆ ಕುಡಿದು ಅಲ್ಲೇ ಕೂತಿತ್ತು. ಟ್ರಯಲ್‌ಗೆ ತಂದಿದ್ರಾ ಎಂಬ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. "ಇನ್ನೂ ಕೆಲಸ ಇದೆ ತಾಯಿ, ನಾಳೆ ಬೆಳಗ್ಗೆ ತಂದುಕೊಡ್ತೀನಿ" ಎಂದು ಮಾತ್ರ ಹೇಳಿದೆ. ತಂದಿದ್ದೆ ಎಂದೇ ಅವರು ತಿಳಿದುಕೊಂಡರು. ತಿಳಿದುಕೊಳ್ಳಲಿ ಎಂದೇ ನಾನೂ ಬಿಟ್ಟೆ.

ಜೋಗುಪಾಳ್ಯದಿಂದ ಹಳೇ ಮದ್ರಾಸು ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿ ದಾಟಿ, ರಿಂಗ್ ರೋಡಿನಲ್ಲಿ ಹೊರಮಾವಿಗೆ ಹೋಗಲು ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ, ಐವತ್ತು ನಿಮಿಷ ಬೇಕು. ಆ ದಾರಿಯಲ್ಲಿ ನಾನು ನೂರು ಸಲ ಗಾಡಿ ಓಡಿಸಿದ್ದೇನೆ. ಮೂರೂ ಕಾಲಿಗೆ ಇಲ್ಲಿಂದ ಹೊರಟ ಗಾಡಿ ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿರುತ್ತದೆ.

ಕೂತು ಯೋಚಿಸುವ ಧೈರ್ಯವಾಗಲಿಲ್ಲ. ಎದ್ದು ಮೂರನೆಯದಕ್ಕೆ ಕೈ ಹಾಕಿದೆ. ಈ ಸಲ ಎಳೆಯಲು ಹೋಗಲಿಲ್ಲ. ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತಾ, ನಡುವೆ ಎಣ್ಣೆ ಬಿಡುತ್ತಾ ಒಂದು ಗಂಟೆಗೂ ಮೇಲೆ ಅದರ ಜೊತೆ ಕಳೆದೆ. ಐದೂವರೆಗೆ ಸಡಿಲಾಯಿತು. ಹೊರಗೆ ಬಂದ ಅದರ ಮೂತಿ ಹಸಿಯಾಗಿ, ಕಪ್ಪಗೆ ಗಟ್ಟಿ ಮಸಿ ಕಟ್ಟಿಕೊಂಡಿತ್ತು. ಕೂಡಲೇ ಅದನ್ನೂ ಒಂದನೆಯದನ್ನೂ ಶಿವಾಜಿನಗರದ ಲ್ಯಾಬಿಗೆ ತೆಗೆದುಕೊಂಡು ಹೋದೆ. ಅವರು ಮೂರನೆಯದನ್ನು ಪರೀಕ್ಷೆಯ ಬೆಂಚಿಗೆ ಹಾಕಿ ನೋಡಿದರು. ಮಂಜಿನ ಹಾಗೆ ಚಿಮ್ಮಬೇಕಾದ ಡೀಸೆಲ್ ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ನನ್ನ ಬಾಟಲಿಯ ಪರೀಕ್ಷೆಯಲ್ಲಿ ಈ ರೋಗ ಸಿಗುವುದಿಲ್ಲ. ಆ ಬಡಿತ ಬರುತ್ತಿದ್ದದ್ದು ಇದರಿಂದಲೇ. ಇದನ್ನು ಹಾಗೇ ಬಿಟ್ಟು ಓಡಿಸಿದ್ದರೆ ಇವತ್ತಲ್ಲ ನಾಳೆ ಪಿಸ್ಟನ್ ಸುಟ್ಟು ತೂತಾಗುತ್ತಿತ್ತು ಎಂದು ಲ್ಯಾಬಿನವರು ಹೇಳಿದರು. ಮೂರನೆಯದಕ್ಕೂ ಹೊಸದನ್ನೇ ಕೊಂಡೆ, ಒಂದನೆಯದನ್ನು ಅಲ್ಲೇ ತೊಳೆಸಿದೆ.

ಲ್ಯಾಬಿನ ಮೆಟ್ಟಿಲು ಇಳಿಯುತ್ತಿದ್ದಾಗ ಮತ್ತೆ ಭಾಗ್ಯಮ್ಮನ ಫೋನು. ಈ ಸಲ ದನಿ ಶಾಂತವಾಗಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ, ಕೂತಿದ್ದ ಮೆಟ್ಟಿಲ ಮೇಲೆಯೇ, ಗೋಡೆಗೆ ಒರಗಿಕೊಂಡು ಅವರ ತಂದೆ ಹೋಗಿಬಿಟ್ಟಿದ್ದರು.

"ನಾಳೆ ಹನ್ನೊಂದಕ್ಕೆ ಮಣ್ಣು. ಬೇರೆ ಗಾಡಿ ಬೇಡ ಅಣ್ಣ. ಅವ್ರ ಗಾಡಿಯಲ್ಲೇ ಕರ್ಕೊಂಡ್ಹೋಗ್ತೀನಿ. ಆಗುತ್ತಾ?"

ಆಗುತ್ತೆ ಎಂದೆ. ಸೋಮವಾರ ಹೇಳಿದ ಹಾಗೆ ಸಲೀಸಾಗಿ ಬಾಯಿಗೆ ಬರಲಿಲ್ಲ ಆ ಮಾತು.

ಬೆಳಗ್ಗೆ ಐದಕ್ಕೇ ಶೆಡ್ಡಿನ ಬಾಗಿಲು ತೆಗೆದೆ. ದಸ್ತಗೀರ್ ಸಾಬರು ನಮಾಜು ಮುಗಿಸಿ ನೇರ ಬಂದರು, ನಾನು ಕರೆದಿರಲಿಲ್ಲ. ಲೈಟು ಹಿಡಿದುಕೊಂಡು ನಿಂತರು. ಕೂರುವ ಜಾಗವನ್ನೆಲ್ಲ ಕೆರೆದು ಒರೆಸಿ, ಹೊಸ ವಾಷರ್ ಹಾಕಿ, ನಾಲ್ಕನ್ನೂ ಒಂದೊಂದಾಗಿ ಕೂರಿಸಿದೆ. ಹೊಸ ಇಂಜೆಕ್ಟರುಗಳ ಮೇಲಿದ್ದ ನಂಬರನ್ನು ಸ್ಕ್ಯಾನರಿನಲ್ಲಿ ಗಾಡಿಯ ಕಂಪ್ಯೂಟರಿಗೆ ಬರೆದೆ. ಪೈಪಿನೊಳಗಿನ ಗಾಳಿ ತೆಗೆದೆ. ಎಂಟೂ ಮುಕ್ಕಾಲಿಗೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ನಾಲ್ಕು ಏಟೂ ಒಂದೇ ಸಮ. ಬಡಿತ ಇಲ್ಲ, ಹೊಗೆ ಇಲ್ಲ. ನಿನ್ನೆ ಕೇಳಿದ ಸದ್ದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಹತ್ತು ಗಂಟೆಯೊಳಗೆ ಹೊರಮಾವು ತಲುಪಿದೆ. ಮನೆಯ ಮುಂದೆ ಅವರದೇ ಶಾಮಿಯಾನ, ಅವರದೇ ಕುರ್ಚಿಗಳು. ಮುನಿಸ್ವಾಮಪ್ಪನವರನ್ನು ನಾನು ಮೊದಲ ಸಲ ನೋಡಿದ್ದು ಆಗ. ಹೂವಿನ ಹಾರದ ನಡುವೆ ಸಣ್ಣ ಮುಖ, ದೊಡ್ಡ ಕಿವಿಗಳು. ಗಾಡಿಯ ಹಿಂದೆ ಬಾಳೆಕಂಬ ಕಟ್ಟಿ ಅವರನ್ನು ಮಲಗಿಸಿದರು. ನಾನು ಓಡಿಸ್ತೀನಿ ಎಂದು ಮುಂದೆ ಬಂದೆ, ಭಾಗ್ಯಮ್ಮ ತಲೆ ಅಲ್ಲಾಡಿಸಿ ತಾವೇ ಹತ್ತಿದರು. ಸ್ಮಶಾನಕ್ಕೆ ನೇರ ಹೋಗುವ ದಾರಿ ಬಿಟ್ಟು ಕೆರೆ ಏರಿಯ ಕಡೆ ತಿರುಗಿಸಿದರು. ಏರಿಯ ಮೇಲೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ, ಒಂದೆರಡು ನಿಮಿಷ ಸುಮ್ಮನೆ ಕೂತಿದ್ದರು. ನಾನು ಜನರ ನಡುವೆ ನಿಂತು ಆ ಇಂಜಿನ್ನನ್ನೇ ಕೇಳುತ್ತಿದ್ದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕರೆದಿದ್ದರು, ಹೋದೆ. ಊಟ ಮುಗಿದು ಜನ ಕರಗಿದ ಮೇಲೆ ಭಾಗ್ಯಮ್ಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ಅವತ್ತು ನೀವು ಗಾಡಿ ತಂದಿರ್ಲಿಲ್ಲ ಅಲ್ವಾ ಅಣ್ಣ?"

ಇನ್ನು ಮುಚ್ಚಿಡಲು ಆಗಲಿಲ್ಲ. ಇಲ್ಲ ತಾಯಿ ಎಂದೆ. ಇಂಜೆಕ್ಟರುಗಳು ತಟ್ಟೆಯಲ್ಲಿದ್ದದ್ದು, ಶೆಡ್ಡಿನಲ್ಲಿ ಕೇಳಿದ ಸದ್ದು, ಇಂಜಿನ್ ಮೇಲೆ ಕೈ ಇಟ್ಟದ್ದು, ಎಲ್ಲ ಹೇಳಿದೆ. ಅವರು ಹೆದರಲಿಲ್ಲ, ಅಳಲೂ ಇಲ್ಲ.

"ನಂಗೆ ಅವತ್ತೇ ಅನ್ಮಾನ ಬಂತು" ಎಂದರು. "ಗಾಡಿ ಎಲ್ಲಿ ನಿಂತ್ರೂ ಕೆಳಗೆ ಎರಡು ತೊಟ್ಟು ಎಣ್ಣೆ ಬೀಳ್ತಿತ್ತು. ಫೋನ್ ಮಾಡೋ ಮೊದ್ಲೇ ಗೇಟ್ ಮುಂದೆ ಬಗ್ಗಿ ನೋಡ್ದೆ. ಏನೂ ಇರ್ಲಿಲ್ಲ."

ಆಮೇಲೆ ಅವರೇ ಮಾತು ಮುಂದುವರಿಸಿದರು.

"ಇನ್ನೊಂದು ನಿಮಗೆ ಹೇಳಿರ್ಲಿಲ್ಲ. ಗೇಟ್ ಹತ್ರ ಯಾಕಪ್ಪ ಬಂದೆ, ಗಾಡಿ ಎಲ್ಲಿ ಅಂತ ಕೇಳ್ದೆ. ಬಂದಿತ್ತು, ಗಾಡಿ ಹತ್ತು ಅಂದ, ಮೂರನೇದು ಇನ್ನೂ ಹಂಗೇ ಬಡೀತಾ ಐತೆ, ಸರಿ ಮಾಡಿಸ್ಕೊಂಡು ಬಾ ಅಂತ ನಾನೇ ವಾಪಸ್ ಕಳಿಸ್ದೆ ಅಂದ್ರು. ಯಾರು ಓಡಿಸ್ಕೊಂಡ್ ಬಂದಿದ್ರು ಅಂದೆ. ನಿಂಗ್ಯಾಕೆ, ನೀನು ನೋಡಿಲ್ಲ ಅವ್ನನ್ನ ಅಂದ್ರು."

ಇದಾಗಿ ಏಳು ವರ್ಷ. ಭಾಗ್ಯಮ್ಮ ಈಗಲೂ ಅದೇ ಗಾಡಿಯನ್ನು ಸರ್ವೀಸಿಗೆ ನನ್ನಲ್ಲಿಗೇ ತರುತ್ತಾರೆ, ಈ ವಿಷಯ ಮತ್ತೆ ನಮ್ಮ ನಡುವೆ ಬಂದಿಲ್ಲ. ದಸ್ತಗೀರ್ ಸಾಬರನ್ನು ಎರಡು ಸಲ ಕೇಳಿದೆ. ಎರಡು ಸಲವೂ ಬೇರೆ ಗಾಡಿ ಇರ್ಬೇಕು ಭಾಯ್ ಎಂದು ಬೇರೆ ಕಡೆ ನೋಡಿದರು.

ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿ ನೋಡಿದ್ದೇನೆ. ಮೂರನೆಯ ಇಂಜೆಕ್ಟರಿನ ಮಾತಿಗೆ ಒಂದು ಉತ್ತರ ಕೊಟ್ಟುಕೊಳ್ಳಬಹುದು. ಹದಿನಾರು ವರ್ಷ ಓಡಿಸಿದ ಮನುಷ್ಯ, ಹಳೆಯ ಮೆಕ್ಯಾನಿಕ್ ಯಾವಾಗಲೋ ಹೇಳಿರಬಹುದು, ಕೆಲಸಗಾರರು ಕಷ್ಟದ ಕೆಲಸ ಬಿಟ್ಟುಬಿಡುತ್ತಾರೆ ಎಂದೂ ಗೊತ್ತಿರಬಹುದು. ಸಾಯುವ ಮೊದಲು ಕೆಲವರಿಗೆ ಎಲ್ಲಿಂದಲೋ ಶಕ್ತಿ ಬರುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಾರೆ, ಅವರು ಎದ್ದು ನಡೆದದ್ದನ್ನೂ ಅದಕ್ಕೆ ಹಚ್ಚಬಹುದು. ಆ ಸದ್ದಿನ ಹತ್ತಿರ ಬಂದಾಗ ನನ್ನ ಲೆಕ್ಕ ನಿಂತುಹೋಗುತ್ತದೆ. ಅದನ್ನು ಇಲ್ಲಿ ಇಬ್ಬರು, ಅಲ್ಲಿ ಇಬ್ಬರು ಕೇಳಿದ್ದೇವೆ. ನಡುವೆ ಸರಿಯಾಗಿ ಆ ದಾರಿಗೆ ಬೇಕಾದಷ್ಟೇ ಹೊತ್ತು ಹಿಡಿದಿದೆ.

ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆ ನನಗೆ ಈಗಲೂ ಇದೆ, ಅದಿಲ್ಲದೆ ನಾಳೆ ಕೆಲಸಕ್ಕೆ ಹೋಗಲಾರೆ. ಆದರೆ ಅವತ್ತು ಮೂರೂ ಕಾಲಿಗೆ ನನ್ನ ಬೆನ್ನ ಹಿಂದೆ ಕೀ ತಿರುಗಿಸಿದವರು ಯಾರು, ಮುನಿಸ್ವಾಮಪ್ಪನವರು ಗೇಟಿನ ಹತ್ತಿರ ನಿಂತು ಯಾರನ್ನು ವಾಪಸ್ ಕಳಿಸಿದರು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.